ಕೆಂಚವ್ವನ ಅಂಗಡಿಯೊಳಗಿನ ಮಾತು

(ಕಳಿಸದ ಕಾಗದ)
ನವಲಗುಂದ
24 ಜೂನ್ 2024

ದೊಡ್ಡಪ್ಪನವರಿಗೆ,

ನಾನು ಸುನೀತಾ. ನಿಮ್ಮ ತಮ್ಮ ಸುಭಾಸನ ಮಗಳು. ನೀವು ಊರು ಬಿಟ್ಟಾಗ ನಾನಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ನನ್ನ ಮೇಲೆ ನಿಮಗೆ ಸಿಟ್ಟಿರಲಿಕ್ಕಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಅಪ್ಪನಿಗೆ ಗಂಟಲಲ್ಲಿ ಗಡ್ಡೆಯಾಗಿದೆ. ಆ ದರಿದ್ರ ತಂಬಾಕು. ಜೀವಕ್ಕೆ ಅಪಾಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದಾರೆ. ಜುಲೈ ಕೊನೆಗೆ ಆಪರೇಷನ್. ಆಮೇಲೆ ಅಪ್ಪನಿಗೆ ಮಾತು ಇರುವುದಿಲ್ಲ. ಈಗ ಸಿಕ್ಕವರ ಜೊತೆಗೆಲ್ಲ ಮಾತಾಡುತ್ತಾನೆ. ನಿಮ್ಮ ವಿಷಯ ಬಂದರೆ ಮಾತ್ರ ಎದ್ದು ಹೋಗುತ್ತಾನೆ. ಮೊನ್ನೆ ಕಾರ ಹುಣ್ಣಿಮೆ ದಿನ ಓಣಿಯಲ್ಲಿ ಎತ್ತಿನ ಗೆಜ್ಜೆ ಸಪ್ಪಳ ಕೇಳಿ ಬಾಗಿಲು ಹಾಕಿಕೊಂಡ.

ದೊಡ್ಡಪ್ಪಗೆ ತಿಳಿಸಲೇನು ಎಂದು ಕೇಳಿದೆ. "ತಿಳಸಬ್ಯಾಡ. ಕನಿಕರಕ್ಕ ಬಂದ್ರ ಅದು ಬಂದಂಗಲ್ಲ" ಅಂದ. ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡ. ಆಣೆ ಹಾಕಿ ಬಂದು ಇದನ್ನು ಬರೆಯುತ್ತಿದ್ದೇನೆ. ಪೋಸ್ಟ್ ಮಾಡುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ.

ಸುನೀತಾ

*

ನವಲಗುಂದ
25 ಜೂನ್ 2024

ದೊಡ್ಡಪ್ಪನವರಿಗೆ ಸುನೀತಾಳ ನಮಸ್ಕಾರ.

ನಾನು ನಿಮ್ಮ ತಮ್ಮ ಸುಭಾಸನ ಮಗಳು. ನವಲಗುಂದ ಡಿಪೋದಲ್ಲಿ ಕಂಡಕ್ಟರ್, ನಮ್ಮ ಹಳ್ಳಿಯ ಮೇಲೆ ಹೋಗುವ ಅಣ್ಣಿಗೇರಿ ರೂಟು. ನಿಮ್ಮ ವಿಳಾಸ ಸಿಕ್ಕಿದ್ದು ನಮ್ಮ ಡ್ರೈವರ್ ಸಾಧಿಕ್ ಅವರಿಂದ. ಅವರ ಅಕ್ಕನನ್ನು ಇಚಲಕರಂಜಿಗೆ ಕೊಟ್ಟಿದ್ದಾರೆ, ನಿಮ್ಮ ಓಣಿಯ ಬಾಜೂಕೇ ಅವರ ಮನೆಯಂತೆ. ನಾವೆಲ್ಲ ಆರಾಮ ಇದ್ದೇವೆ.

ಬರೆಯುವ ಕಾರಣ ಇದು. ಊರಿನ ಬಸ್ ಸ್ಟಾಪಿನ ಎದುರಿಗಿರುವ ಕೆಂಚವ್ವನ ಸಾರಾಯಿ ಅಂಗಡಿಯನ್ನು ಕೆಡವುತ್ತಾರೆ. ರಸ್ತೆ ಅಗಲ ಮಾಡುತ್ತಿದ್ದಾರೆ. ಸರಕಾರ ಸಾರಾಯಿ ಬಂದ್ ಮಾಡಿದ ಮೇಲೆ ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು, ಆಮೇಲೆ ಯಾರೋ ಚಹಾ ಮಾರಿ ನೋಡಿದರು, ಈಗ ಬೀಗ ಬಿದ್ದಿದೆ. ಕೆಡವಿದರೆ ಊರಲ್ಲಿ ಅಳುವವರು ಯಾರೂ ಇಲ್ಲ. ಆದರೆ ಅಪ್ಪನಿಗೆ ಏನೋ ಆಗಿದೆ. ನಮ್ಮ ಜೊತೆ ನವಲಗುಂದದಲ್ಲೇ ಇರುತ್ತಾನೆ, ಈ ತಿಂಗಳು ಮಾತ್ರ ದಿನಾ ನನ್ನ ಬಸ್ಸು ಹತ್ತಿ ಊರಿಗೆ ಬಂದು ಆ ಅಂಗಡಿಯ ಎದುರಿನ ಬೇವಿನ ಗಿಡದ ಕೆಳಗೆ ಕೂರುತ್ತಾನೆ. ಯಾಕೆ ಎಂದು ಕೇಳಿದರೆ "ಅದರಾಗ ನನ್ನ ಮಾತೈತಿ" ಅನ್ನುತ್ತಾನೆ. ಯಾವ ಮಾತು ಎಂದರೆ "ನಿಮ್ಮ ದೊಡ್ಡಪ್ಪನ ಕೇಳು. ನಾ ಹೇಳೂದು ಹೇಳೇನಿ, ಅವ ತಗೊಂಡಿಲ್ಲ."

ನೀವು ಏನು ತೆಗೆದುಕೊಳ್ಳಲಿಲ್ಲ, ದೊಡ್ಡಪ್ಪ? ನನಗೆ ತಲೆಬುಡ ತಿಳಿಯುತ್ತಿಲ್ಲ. ಕೆಳಗೆ ಫೋನ್ ನಂಬರ್ ಬರೆದಿದ್ದೇನೆ. ಅಪ್ಪನ ಜೊತೆ ಒಮ್ಮೆ ಮಾತಾಡಿ. ಬೇಗ ಮಾತಾಡಿದರೆ ಒಳ್ಳೆಯದು.

ಸುನೀತಾ

*

ಇಚಲಕರಂಜಿ
3 ಜುಲೈ 2024

ಸುನೀತಾ,

ನಿನ್ನ ಅಕ್ಷರ ಚಂದ ಇದೆ. ಟಿಕೆಟ್ ಕೊಡುವ ಕೈಗೆ ಇಷ್ಟು ಚಂದ ಅಕ್ಷರ ಎಲ್ಲಿಂದ ಬಂತೋ, ನಿಮ್ಮಪ್ಪನದಂತೂ ಕೋಳಿ ಕೆದರಿದ ಹಾಗಿತ್ತು.

ಫೋನು ಮಾಡುವುದಿಲ್ಲ. ಫೋನಿನಲ್ಲಿ ಆಡುವವನು ಎಲ್ಲಿ ನಿಂತು ಆಡಿದ ಎಂದು ಕೇಳುವವನಿಗೆ ಕಾಣುವುದಿಲ್ಲ. ಇದು ನಿನಗೆ ಹುಚ್ಚುತನ ಅನಿಸಬಹುದು. ಕೆಂಚವ್ವನ ಅಂಗಡಿಯ ಕಟ್ಟಳೆ ಗೊತ್ತಿಲ್ಲದವರಿಗೆ ಹಾಗೇ ಅನಿಸುತ್ತದೆ.

ಆ ಅಂಗಡಿ ಕೆಂಚವ್ವನದಲ್ಲ, ಅವಳ ಅತ್ತೆಯದು. ಮೊದಲು ಸೇಂದಿ ಮಾರುತ್ತಿದ್ದರು, ಆಮೇಲೆ ಸಾರಾಯಿ. ಮುದುಕಿಯ ಕಾಲದಲ್ಲಿ ಒಬ್ಬ ಕುಡಿದ ಹೊತ್ತಿನಲ್ಲಿ ತನ್ನ ಮಗಳನ್ನು ಬಾಜೂ ಕುಂತವನ ಮಗನಿಗೆ ಕೊಡುತ್ತೇನೆ ಎಂದು ಮಾತು ಕೊಟ್ಟನಂತೆ. ಬೆಳಗಾದರೆ ಆ ಮನೆಯ ಹೆಂಗಸರೆಲ್ಲ ಬಂದು ಅಂಗಡಿ ಮುಂದೆ ಕೂತು ಅತ್ತರು. ಅವತ್ತು ಮುದುಕಿ ಕಟ್ಟಳೆ ಮಾಡಿದಳು: ನನ್ನ ಹೊಸ್ತಿಲ ಒಳಗೆ ಆಡಿದ ಮಾತು ಊರಲ್ಲಿ ನಡೆಯುವುದಿಲ್ಲ. ಕೊಟ್ಟ ಮಾತಾಗಲಿ, ಬೈಗುಳವಾಗಲಿ, ಒಳಗಿನದು ಒಳಗೆ. ಹೊರಗೆ ಬರುವಾಗ ಹೊಸ್ತಿಲಲ್ಲಿ ನಿಂತು ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಕೊಡವಿ ಝಾಡಿಸಬೇಕು. ಝಾಡಿಸಿದೆ ಎಂದರೆ ಮಾತು ಅಲ್ಲೇ ಬಿತ್ತು. ಝಾಡಿಸದೆ ದಾಟಿದರೆ ಮಾತನ್ನು ಹೊರಗೆ ತಂದೆ ಎಂದು ಲೆಕ್ಕ. ಊರ ಹಿರಿಯರೂ ಇದಕ್ಕೆ ಎದುರಾಡುತ್ತಿರಲಿಲ್ಲ.

ಇನ್ನು ನಿನ್ನ ಪ್ರಶ್ನೆ. ಅವ್ವ ಉಡಕಿಯಾಗಿ, ಅಂದರೆ ಎರಡನೇ ಮದುವೆಯಾಗಿ ಆ ಮನೆಗೆ ಬಂದಾಗ ನಾನು ಅವಳ ಸೊಂಟದ ಮೇಲಿದ್ದೆ. ಸುಭಾಸ ಆಮೇಲೆ ಹುಟ್ಟಿದವನು. ಅಪ್ಪ ಎಂದೂ ಭೇದ ಮಾಡಲಿಲ್ಲ, ಕಾರ ಹುಣ್ಣಿಮೆಗೆ ಮನೆಯ ಬಿಳಿ ಎತ್ತು ಹಿಡಿದು ಓಡಿಸಿ, ಊರ ಅಗಸಿ ಬಾಗಿಲಿಗೆ ಕಟ್ಟಿದ ಕರಿ ತೋರಣ ಹರಿಯುವ ಮಾನ ಹಿರಿಯ ಮಗ ಅಂತ ನನಗೇ ಇತ್ತು. ಅಪ್ಪ ತೀರಿದ ಮಾರನೇ ವರ್ಷ ನಾನು ಎತ್ತಿನ ಹಗ್ಗ ಹಿಡಿದು ಅಗಸಿಯ ಮುಂದೆ ನಿಂತಿದ್ದೆ. ಊರೆಲ್ಲ ಅಲ್ಲಿತ್ತು. ಸುಭಾಸ ಬಂದು ಹಗ್ಗಕ್ಕೆ ಕೈ ಹಾಕಿ "ಹೊರಗಿನ ರಕ್ತ ನಮ್ಮ ಮನೀ ಎತ್ತು ಹಿಡಿಯೂದು ಬ್ಯಾಡ" ಅಂದ.

ಅದನ್ನು ಆಡಿದ್ದು ಊರ ನಡುವೆ, ಹಗಲು ಹೊತ್ತಿನಲ್ಲಿ, ಕುಡಿಯದೆ. ಕೆಲವು ದಿನ ಬಿಟ್ಟು ಕೆಂಚವ್ವನ ಅಂಗಡಿಯಲ್ಲಿ ನನ್ನ ಕಾಲು ಹಿಡಿದು "ತಪ್ಪಾತು ಅಣ್ಣಾ, ನೀನ ಹಿರ್ಯಾ" ಅಂದ. ಒಳಗೆ ಅಂದ. ನಾನು ಏನೂ ಅನ್ನದೆ ಎದ್ದು ಬಂದು ಎದುರಿನ ಬೇವಿನ ಗಿಡದ ಕೆಳಗೆ ಕೂತೆ. ಹೇಗೆ ಹೊರಗೆ ಬರುತ್ತಾನೆ ನೋಡೋಣ ಎಂದು. ಬಂದ. ಹೊಸ್ತಿಲಲ್ಲಿ ನಿಂತ. ವಲ್ಲಿ ಝಾಡಿಸಿದ. ನನ್ನ ಕಣ್ಣಾರೆ ನೋಡಿದೆ. ಮಾರನೇ ದಿನ ಊರು ಬಿಟ್ಟೆ.

ಈಗ ತಿಳಿಯಿತೇನು? ಅವನು ಹೇಳಿದ್ದು ಖರೆ, ನಾನು ತೆಗೆದುಕೊಳ್ಳಲಿಲ್ಲ ಅನ್ನುವುದೂ ಖರೆ. ಕೊಡದೆ ಇದ್ದದ್ದನ್ನು ಹೇಗೆ ತೆಗೆದುಕೊಳ್ಳಲಿ?

ಹನಮಂತಪ್ಪ

*

ನವಲಗುಂದ
10 ಜುಲೈ 2024

ದೊಡ್ಡಪ್ಪನವರಿಗೆ,

ನಿಮ್ಮ ಕಾಗದವನ್ನು ಟ್ರಿಪ್ಪು ಬಿಟ್ಟಾಗಲೆಲ್ಲ ತೆಗೆದು ಓದಿದೆ. ನಮ್ಮ ಮನೆಯ ಇಂಥ ದೊಡ್ಡ ಸಂಗತಿಯನ್ನು ಯಾರೂ ನನಗೆ ಹೇಳಿಲ್ಲ. ನನಗೆ ಇಬ್ಬರು ಅಜ್ಜಂದಿರು ಇದ್ದ ಹಾಗಾಯಿತಲ್ಲ, ಒಬ್ಬರ ಹೆಸರೂ ಗೊತ್ತಿಲ್ಲ.

ಅಪ್ಪನಿಗೆ ವಲ್ಲಿಯ ವಿಷಯ ಕೇಳಿದೆ. "ಯಾವ ವಲ್ಲಿ?" ಅಂದ. ನೀವು ಬೇವಿನ ಗಿಡದ ಕೆಳಗೆ ಕೂತು ನೋಡಿದ್ದು ಅವನಿಗೆ ಗೊತ್ತೇ ಇಲ್ಲ. ನೀವು ಸಿಟ್ಟಿನಿಂದ ಎದ್ದು ಸೀದಾ ಮನೆಗೆ ಹೋದಿರಿ ಎಂದೇ ಇಷ್ಟು ವರ್ಷ ತಿಳಿದಿದ್ದಾನೆ. ಹಾಗಾದರೆ ಝಾಡಿಸಿದೆಯೋ ಇಲ್ಲವೋ ಎಂದೆ. "ನೆನಪಿಲ್ಲ" ಅಂದ. ಖರೇನೇ ನೆನಪಿಲ್ಲವೋ, ಹೇಳಲು ಮನಸ್ಸಿಲ್ಲವೋ, ಅವನ ಮುಖ ನೋಡಿ ನನಗೆ ತಿಳಿಯಲಿಲ್ಲ. ಈಗ ಧ್ವನಿಯೂ ಕೂತಿದೆ, ಅರ್ಧ ಮಾತು ಕೇಳಿಸುವುದೇ ಇಲ್ಲ.

ಬೇರೆಯವರನ್ನು ಕೇಳಿದರೆ ತಿಳಿದೀತು ಎಂದುಕೊಂಡೆ. ಅಂಗಡಿಯ ಮಗ್ಗುಲಲ್ಲಿ ಭಜಿ ಕರಿಯುತ್ತಿದ್ದ ಅಕ್ಬರಸಾಬರು ನಿಮಗೆ ನೆನಪಿರಬೇಕು. ಈಗಲೂ ಚುರುಮುರಿ ಚೀಲ ಹೊತ್ತು ಸಂತೆಗೆ ನನ್ನ ಬಸ್ಸಿನಲ್ಲೇ ಬರುತ್ತಾರೆ. ಅವತ್ತು ಅವರು ಅಲ್ಲೇ ಇದ್ದರಂತೆ. ಅವರು ಹೇಳುವುದೇ ಬೇರೆ. "ಝಾಡಸ್ಲಿಲ್ಲವ್ವಾ. ಸುಭಾಸ ಅಳಕೋತ ಬಂದಾ. ವಲ್ಲೀಲೆ ಕಣ್ಣ ಒರಸ್ಕೊಂಡಾ. ನಾ ಭಜಿ ಸುಡಾಕ ಬಿಟ್ಟು ನೋಡೇನಿ." ಕಟ್ಟಳೆ ಹುಟ್ಟಿದ ಕತೆಯನ್ನೂ ಬೇರೆ ಹೇಳಿದರು. ಮದುವೆಯ ಮಾತಲ್ಲವಂತೆ, ಬದುವಿನ ಜಗಳದಲ್ಲಿ ಇಬ್ಬರು ಕುಡುಗೋಲು ತೆಗೆದಾಗ ಮುದುಕಿ ಮಾಡಿದ ಕಟ್ಟಳೆಯಂತೆ. ನೀವು ಒಂದು ಹೇಳುತ್ತೀರಿ, ಅವರು ಒಂದು ಹೇಳುತ್ತಾರೆ, ಅಪ್ಪ ಯಾವುದೂ ಹೇಳುವುದಿಲ್ಲ.

ದೊಡ್ಡಪ್ಪ, ದೂರದಿಂದ ನೋಡಿದ್ದು. ಒರೆಸಿಕೊಂಡದ್ದು ಝಾಡಿಸಿದ ಹಾಗೆ ಕಂಡಿರಬಾರದೇ?

ಸುನೀತಾ

*

ಇಚಲಕರಂಜಿ
16 ಜುಲೈ 2024

ಸುನೀತಾ,

ನನ್ನ ಕಣ್ಣು ಆಗ ಚೆನ್ನಾಗಿತ್ತು. ಮಗ್ಗದಲ್ಲಿ ಒಂದು ಎಳೆ ತುಂಡಾದರೆ ಆಚೆ ತುದಿಯಿಂದ ಕಾಣುತ್ತಿತ್ತು ಎಂದು ಇಲ್ಲಿ ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು. ಅಕ್ಬರಸಾಬ ಒಳ್ಳೆಯ ಮನುಷ್ಯ, ಯಾರಿಗೂ ಕೆಟ್ಟದ್ದು ಹೇಳುವವನಲ್ಲ. ಅದಕ್ಕೇ ಅವನ ಮಾತನ್ನು ನಂಬಲು ಬರುವುದಿಲ್ಲ. ಆ ವಲ್ಲಿ ಕೆಂಪು ಅಂಚಿನದು, ಅಣ್ಣಿಗೇರಿ ಸಂತೆಯಲ್ಲಿ ನಾನೇ ಅವನಿಗೆ ಕೊಡಿಸಿದ್ದು. ಅದರ ಅಂಚು ಗಾಳಿಯಲ್ಲಿ ಪಟ್ ಅಂದದ್ದು ಇಲ್ಲಿಯತನಕ ಕಿವಿಯಲ್ಲಿದೆ. ಕಣ್ಣು ಒರೆಸಿದರೆ ಪಟ್ ಅನ್ನುವುದಿಲ್ಲ.

ಧ್ವನಿ ಕೂತಿದೆ ಎಂದು ಬರೆದಿದ್ದೀಯ. ಇನ್ನೂ ಕುಡಿಯುತ್ತಾನೇನು? ಕೆಂಚವ್ವನ ಅಂಗಡಿ ಹೋದರೆ ಮತ್ತೊಂದು ಅಂಗಡಿ ಇದ್ದೇ ಇರುತ್ತದೆ. ನಾನು ಇಲ್ಲಿಗೆ ಬಂದ ಮೇಲೆ ಒಂದು ಹನಿ ಮುಟ್ಟಿಲ್ಲ.

ಒಂದು ಮಾತು ಹೇಳುತ್ತೇನೆ, ಅವನಿಗೆ ಓದಿ ಹೇಳು. ನನಗೆ ಕಾಲು ಹಿಡಿಯುವುದು ಬೇಕಿಲ್ಲ, ಅಳುವುದು ಬೇಕಿಲ್ಲ. ಹಗಲು ಹೊತ್ತಿನಲ್ಲಿ, ಬೇವಿನ ಗಿಡದ ಕೆಳಗೆ, ಬಯಲಿನಲ್ಲಿ ನಿಂತು "ಅಣ್ಣಾ" ಎಂದು ಒಂದು ಮಾತು ಅನ್ನಲಿ. ಅಷ್ಟಕ್ಕೆ ಬಸ್ಸು ಹತ್ತಿ ಬರುತ್ತೇನೆ. ಅವನು ಒಪ್ಪಿದ ಎಂದು ಬರೆ.

ಹನಮಂತಪ್ಪ

*

ನವಲಗುಂದ
20 ಜುಲೈ 2024

ದೊಡ್ಡಪ್ಪನವರಿಗೆ,

ನಿಮ್ಮ ಕಾಗದ ಓದಿ ನನಗೆ ಸಿಟ್ಟು ಬಂತು, ಮುಚ್ಚುಮರೆ ಮಾಡುವುದಿಲ್ಲ. ಅಪ್ಪ ಕುಡಿಯುವುದಿಲ್ಲ. ನೀವು ಊರು ಬಿಟ್ಟ ದಿನದಿಂದ ಆ ಹೊಸ್ತಿಲು ತುಳಿದಿಲ್ಲ ಎಂದು ಅಕ್ಬರಸಾಬರೇ ಹೇಳಿದರು. ಇದು ನನಗೆ ಮೊದಲೇ ಗೊತ್ತಿದ್ದರೆ ನಿಮಗೆ ಮೊದಲೇ ಬರೆಯುತ್ತಿದ್ದೆ. ಧ್ವನಿ ಕೂತದ್ದಕ್ಕೆ ಬೇರೆ ಕಾರಣ ಇದೆ.

ನಿಮ್ಮ ಮಾತನ್ನು ಓದಿ ಹೇಳಿದೆ. ಅಪ್ಪ ಅಂದ: "ಒಮ್ಮೆ ಅಂದೇನಿ. ಎರಡನೇ ಸಲ ಅಂದ್ರ ಮೊದಲಿಂದು ಸುಳ್ಳಾಕೈತಿ." ನಾನು ಕೈಮುಗಿದೆ, ಬೈದೆ, ಎರಡಕ್ಕೂ ಬಗ್ಗಲಿಲ್ಲ. ನೀವಿಬ್ಬರೂ ಒಂದೇ ತಾಯಿಯ ಮಕ್ಕಳು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ರಜೆ ಹಾಕಿ ಕುಂದಗೋಳಕ್ಕೆ ಹೋಗಿದ್ದೆ. ಕೆಂಚವ್ವ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಲ್ಲಿಲ್ಲ, ಬಾಯಿ ಮಾತ್ರ ಚುರುಕು. ಅಂಗಡಿಯ ಖರೇ ಕತೆ ಅವಳಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತದೆ ಎಂದು ಆಸೆಯಿಂದ ಹೋದೆ. ಮದುವೆಯ ಮಾತಿನ ಕತೆ ಹೇಳಿದೆ, ಕುಡುಗೋಲಿನ ಕತೆ ಹೇಳಿದೆ, ಎರಡೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಥ ಕಟ್ಟಳೆಯನ್ನು ಅವಳ ಅತ್ತೆ ಮಾಡಿಯೇ ಇಲ್ಲವಂತೆ. "ಶೇಂಗಾ ತಿಂದು ಸಿಪ್ಪಿ ಎಲ್ಲಾ ಮೈಮ್ಯಾಲ ಕೆಡವಿಕೊಳ್ತಿದ್ರು. ಹಂಗ ಮನೀಗೆ ಹೋದ್ರ ಹೆಣ್ಮಕ್ಕಳಿಗೆ ತಿಳೀತಿತ್ತು, ಬಂದು ನಮ್ಮನ್ನ ಬೈತಿದ್ರು. ಅದಕ್ಕ ನಮ್ಮತ್ತಿ, ಹೊಸ್ತಲದಾಗ ವಲ್ಲಿ ಝಾಡಸಿ ಹೋಗ್ರಿ ಅಂತಿದ್ಲು. ಮಾತು ಗೀತು ಎಲ್ಲಾ ನಿಮ್ಮ ಗಂಡಸರು ಕಟ್ಟಿದ್ದು."

ಇಷ್ಟಕ್ಕೇ ನಿಲ್ಲಿಸಲಿಲ್ಲ. ನೀವು ಊರು ಬಿಟ್ಟ ವರ್ಷ ಅಂಗಡಿಯ ಮುಂದಿನ ಗೋಡೆ ಮಳೆಗೆ ಬಿದ್ದಿತ್ತಂತೆ. ಗೋಡೆಯ ಬದಲು ತಾಡಪತ್ರಿಯ ಪರದೆ ಕಟ್ಟಿಕೊಂಡು ವ್ಯಾಪಾರ ಮಾಡಿದರಂತೆ. ಹೊಸ್ತಿಲ ಕಟ್ಟಿಗೆಯನ್ನು ಕಿತ್ತು ಬೇವಿನ ಗಿಡದ ಬುಡಕ್ಕೆ ಹಾಕಿದ್ದರು, ಬಂದವರು ಅದರ ಮೇಲೆ ಕೂರುತ್ತಿದ್ದರು. ಹಾಗಾದರೆ ಅವತ್ತು ಒಳಗೆ ಯಾವುದು, ಹೊರಗೆ ಯಾವುದು? ಅಪ್ಪ ಯಾವ ಹೊಸ್ತಿಲಲ್ಲಿ ನಿಂತು ಝಾಡಿಸಿದ? ನೀವು ಯಾವುದರ ಮೇಲೆ ಕೂತು ನೋಡಿದಿರಿ? ಏಳುವಾಗ ಕೆಂಚವ್ವ "ಆ ವರ್ಷವೋ ಅದರ ಮರುವರ್ಷವೋ, ಈಗ ಹೇಳಾಕ ಬರೂದಿಲ್ಲ ತಂಗಿ" ಎಂದು ಬಿಟ್ಟಳು. ಅವಳ ಮಗಳು ಕೊಟ್ಟ ಚಹಾ ಕುಡಿದು, ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲ ತುಂಬಿಕೊಂಡು ಬಂದೆ.

ನನಗೆ ಇನ್ನು ಯಾರದು ಖರೆ ಎಂದು ಹುಡುಕುವುದು ಬೇಕಿಲ್ಲ. ಮುಂದಿನ ಭಾನುವಾರ, 28ನೇ ತಾರೀಖಿನೊಳಗೆ ಬಂದು ಬಿಡಿ. ಯಾಕೆ ಎಂದು ಕೇಳಬೇಡಿ, ನಾನು ಹೇಳುವ ಹಾಗಿಲ್ಲ. ಅಪ್ಪ ಏನೂ ಅನ್ನದಿದ್ದರೂ ಬನ್ನಿ.

ಸುನೀತಾ

*

ಇಚಲಕರಂಜಿ
29 ಜುಲೈ 2024

ಸುನೀತಾ,

ನಿನ್ನ ಕಾಗದ ಬಂದದ್ದು ಶನಿವಾರ ಸಂಜೆ. ಭಾನುವಾರದೊಳಗೆ ಬಾ ಎಂದರೆ ನಾನೇನು ಹಾರಿ ಬರಲೇ? 28ಕ್ಕೆ ಅಂಗಡಿ ಕೆಡವುತ್ತಾರೆ ಎಂದು ತಿಳಿದುಕೊಂಡೆ. ಆ ಗೋಡೆ ಬೀಳುವುದನ್ನು ನೋಡುವ ಆಸೆ ನನಗಿಲ್ಲ, ನಿಮ್ಮಪ್ಪನೇ ನೋಡಲಿ.

ಅದಿರಲಿ. ಶೇಂಗಾ ಸಿಪ್ಪೆಯ ಮಾತು ಓದಿ ಕಾಗದವನ್ನು ಹರಿಯಬೇಕೆಂದಿದ್ದೆ, ಹರಿಯಲಿಲ್ಲ. ಅವತ್ತಿನಿಂದ ಊಟ ಸೇರುತ್ತಿಲ್ಲ. ನಾನು ನನ್ನ ಊರು, ನನ್ನ ಎತ್ತು, ನನ್ನ ತಮ್ಮನನ್ನು ಬಿಟ್ಟು ಬಂದದ್ದು ಸಿಪ್ಪೆಗಾಗಿಯೇ? ಕೆಂಚವ್ವ ಸುಳ್ಳಿ ಅಂದುಕೊಂಡೆ. ವ್ಯಾಪಾರದವರಿಗೆ ಎಲ್ಲದರಲ್ಲೂ ಸಿಪ್ಪೆಯೇ ಕಾಣುತ್ತದೆ ಅಂದುಕೊಂಡೆ. ನಾವು, ಕುಡಿಯುವವರೆಲ್ಲ ಆ ಕಟ್ಟಳೆಯನ್ನು ನಂಬಿ ನಡೆದಿದ್ದೇವೆ. ಅದನ್ನು ಯಾರು ಮಾಡಿದರೇನು, ಕಟ್ಟಳೆ ಕಟ್ಟಳೆಯೇ.

ಆದರೆ ಒಂದು ಬಿಡದೆ ಕಾಡುತ್ತಿದೆ. ಅವತ್ತು ಬೇವಿನ ಗಿಡದ ಕೆಳಗೆ ನಾನು ಕೂತದ್ದು ನೆಲದ ಮೇಲಲ್ಲ. ಏನೋ ಕಟ್ಟಿಗೆಯ ಮೇಲೆ. ಮೊಳೆಯೊಂದು ಧೋತರಕ್ಕೆ ಸಿಕ್ಕು ಹರಿದದ್ದು ನೆನಪಿದೆ. ಇಷ್ಟು ವರ್ಷ ಅದು ಯಾವ ಕಟ್ಟಿಗೆ ಎಂದು ವಿಚಾರ ಮಾಡಿರಲಿಲ್ಲ. ಸುಭಾಸ ಗೋಡೆಯ ಬಾಗಿಲಲ್ಲಿ ನಿಂತಿದ್ದನೋ ತಾಡಪತ್ರಿಯ ಅಂಚಿನಲ್ಲೋ ಎಂದು ಈಗ ಕಣ್ಣು ಮುಚ್ಚಿದರೆ ಒಮ್ಮೆ ಹಾಗೆ ಕಾಣುತ್ತದೆ, ಒಮ್ಮೆ ಹೀಗೆ. ಪಟ್ ಅಂದದ್ದು ವಲ್ಲಿಯೋ ತಾಡಪತ್ರಿಯೋ, ಅದೂ ಈಗ ಸಂಶಯ.

ಪಂಚಮಿ ಮುಗಿಸಿಕೊಂಡು ಬರುತ್ತೇನೆ. ಹಬ್ಬಕ್ಕೆ ಮಗಳು ಬರುತ್ತಾಳೆ, ಮನೆ ಬಿಡಲು ಆಗುವುದಿಲ್ಲ. ಬಂದರೆ ಅವನು ಮಾತಾಡಲೇಬೇಕು ಎಂದೇನೂ ಇಲ್ಲ. ಆದರೆ ಮಾತಾಡಿದರೆ ಛಲೋ.

ಹನಮಂತಪ್ಪ

*

ಹುಬ್ಬಳ್ಳಿ
4 ಆಗಸ್ಟ್ 2024

ದೊಡ್ಡಪ್ಪನವರಿಗೆ,

ನಿಮ್ಮ ಕಾಗದವನ್ನು ಸಾಧಿಕ್ ಇಲ್ಲಿಗೆ ತಂದುಕೊಟ್ಟರು. ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಮಂಗಳವಾರ ಅಪ್ಪನ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ತೆಗೆದರು, ಧ್ವನಿಪೆಟ್ಟಿಗೆಯನ್ನೂ ತೆಗೆದರು. ಅಪ್ಪ ಆರಾಮಾಗುತ್ತಿದ್ದಾನೆ. ಇನ್ನು ಮಾತಾಡುವುದಿಲ್ಲ. ಎಂದೆಂದಿಗೂ.

ಇದನ್ನು ಮೊದಲೇ ಹೇಳಲಿಲ್ಲ ಎಂದು ನೀವು ಬೈಯುತ್ತೀರಿ. ಬೈಯಿರಿ. ಅಪ್ಪ ಆಣೆ ಹಾಕಿಸಿಕೊಂಡಿದ್ದ, ನೀವು ಕನಿಕರಕ್ಕೆ ಬರುವುದು ಅವನಿಗೆ ಬೇಕಿರಲಿಲ್ಲ. ಜೂನ್ ತಿಂಗಳಲ್ಲಿ ಬರೆದು ಬ್ಯಾಗಿನಲ್ಲೇ ಉಳಿದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಆಣೆ ಮುರಿದು ಅವತ್ತೇ ಕಳಿಸಿದ್ದರೆ ನೀವು ಬರುತ್ತಿದ್ದಿರೋ ಏನೋ. ನನಗೆ ಈಗ ಯಾವುದೂ ತಿಳಿಯುತ್ತಿಲ್ಲ.

ಭಾನುವಾರ ಇಡೀ ದಿನ ಅಪ್ಪ ಬೇವಿನ ಗಿಡದ ಕೆಳಗೆ ಕೂತಿದ್ದ. ನಾನು ನಿಮಗೆ ಬಾ ಎಂದು ಬರೆದದ್ದನ್ನು ಅವನಿಗೆ ಹೇಳಿರಲಿಲ್ಲ. ಆದರೂ ಪ್ರತಿ ಬಸ್ಸು ನಿಂತಾಗ ಇಳಿಯುವವರನ್ನು ನೋಡುತ್ತಿದ್ದ.

ಸೋಮವಾರ ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೊರಟೆವು. ಹೊರಡುವ ಮೊದಲು ನಾನು ಮೊಬೈಲು ಹಿಡಿದು, ದೊಡ್ಡಪ್ಪಗೆ ಏನು ಹೇಳಬೇಕೋ ಇದರಲ್ಲಿ ಹೇಳು, ಕಳಿಸುತ್ತೇನೆ ಎಂದು ಅತ್ತೆ. ಅಪ್ಪ ಮೊಬೈಲನ್ನು ಸರಿಸಿದ. "ಎಲ್ಲಿ ನಿಂತು ಅಂದೇನಿ ಅಂತ ಅವಗ ಕಾಣೂದಿಲ್ಲ" ಅಂದ. ನಿಮ್ಮ ಮೊದಲನೇ ಕಾಗದದ ಆ ಮಾತನ್ನು ನಾನು ಅವನಿಗೆ ಓದಿ ಹೇಳಿರಲಿಲ್ಲ, ದೊಡ್ಡಪ್ಪ.

ನೆಟ್ಟಗೆ ಹುಬ್ಬಳ್ಳಿ ದಾರಿ ಹಿಡಿಯದೆ ಊರ ಮೇಲೆ ಹಾದು ಹೋಗೋಣ ಎಂದು ಹಟ ಹಿಡಿದ. ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದ. ಜೇಸಿಬಿ ಆಗಲೇ ಬಂದಿತ್ತು. ಚಾವಣಿ ಇರಲಿಲ್ಲ, ಮುಂದಿನ ಗೋಡೆ ಇರಲಿಲ್ಲ, ಹಿಂದಿನದೊಂದು ನಿಂತಿತ್ತು. ಅಪ್ಪ ಮಣ್ಣು ಕಲ್ಲು ತುಳಿಯುತ್ತ ಒಳಗೆ ಹೋದ. ಒಳಗೆ ಅಂತಲೇ ಅನ್ನುತ್ತೇನೆ. ನೀವಿಬ್ಬರೂ ಕೂತಿದ್ದ ಮೂಲೆ ಇರಬೇಕು, ಅಲ್ಲಿಗೆ ಹೋಗಿ ಹಿಂದಿನ ಗೋಡೆಗೆ ಮುಖ ಮಾಡಿ ನಿಂತ. ಬಾಯಿ ಅಲ್ಲಾಡಿದ್ದು ಬದಿಯಿಂದ ಕಂಡಿತು. ಏನು ಅಂದ ಎಂದು ಕೇಳಿಸಲಿಲ್ಲ. ಜೇಸಿಬಿಯ ಸಪ್ಪಳದಲ್ಲಿ ಏನು ಕೇಳೀತು? ಉಳಿದಿದ್ದ ಅಷ್ಟಿಷ್ಟು ಧ್ವನಿಯನ್ನು ಅಲ್ಲಿ ಖರ್ಚು ಮಾಡಿದ.

ಆಮೇಲೆ ತಿರುಗಿ ಬಂದ. ಗೋಡೆಯೇ ಇಲ್ಲ, ಎಲ್ಲಿಂದ ಬೇಕಾದರೂ ಹೊರಗೆ ಬರಬಹುದಿತ್ತು. ಬರಲಿಲ್ಲ. ಹೊಸ್ತಿಲಿದ್ದ ಜಾಗಕ್ಕೇ ಬಂದು, ಕಾಲೆತ್ತಿ, ಇಲ್ಲದ ಹೊಸ್ತಿಲನ್ನು ದಾಟಿದ. ವಲ್ಲಿ ಹೆಗಲ ಮೇಲೇ ಇತ್ತು. ರಸ್ತೆಗೆ ಬಂದ ಮೇಲೆ ಅದನ್ನು ತೆಗೆದು ಮೆಲ್ಲಗೆ ಮಡಚಿ ನನ್ನ ಕೈಗೆ ಕೊಟ್ಟ. "ಇದನ್ನ ಹಂಗ ಕಳಸು. ಝಾಡಸಬ್ಯಾಡ" ಅಂದ.

ಅಲ್ಲಿಂದ ಆಸ್ಪತ್ರೆಯ ತನಕ ಮತ್ತೇನೂ ಮಾತಾಡಲಿಲ್ಲ.

ವಲ್ಲಿಯನ್ನು ಈ ಪಾರ್ಸೆಲ್ಲಿನಲ್ಲಿ ಇಟ್ಟಿದ್ದೇನೆ. ಕೆಂಪು ಅಂಚಿನ ಹಳೆಯದಲ್ಲ, ಅದು ಯಾವ ಕಾಲಕ್ಕೋ ಹರಿದು ಹೋಗಿರಬೇಕು. ಇದು ಮೊನ್ನೆ ಮೊನ್ನೆ ತೆಗೆದುಕೊಂಡದ್ದು. ಕೆಡವಿದ ಗೋಡೆಯ ಮಣ್ಣೆಲ್ಲ ಅದಕ್ಕೆ ಹತ್ತಿದೆ. ನೋಡಿದಾಗ ನನಗೂ ಒಮ್ಮೆ ಝಾಡಿಸಬೇಕು ಅನಿಸಿತು. ಝಾಡಿಸಲಿಲ್ಲ.

ಸುನೀತಾ

*

ಇಚಲಕರಂಜಿ
14 ಆಗಸ್ಟ್ 2024

ಸುಭಾಸ,

ಈ ಕಾಗದ ನಿನಗೆ. ಸುನೀತಾ ಓದಿ ಹೇಳುವುದು ಬೇಡ, ನೀನೇ ಓದು. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ವಲ್ಲಿ ಮುಟ್ಟಿತು. ನಾನು ಸಂಡಾಸಕ್ಕೆ ಹೋದಾಗ ಪಾರ್ಸೆಲ್ಲು ಬಂದಿತ್ತು. ಸೊಸೆ ಬಿಚ್ಚಿ ನೋಡಿ, ಇಷ್ಟು ಮಣ್ಣು ಯಾಕಿದೆ ಎಂದು ಒಗೆಯಲು ಬಚ್ಚಲಿಗೆ ಒಯ್ದಿದ್ದಳು. ಅವಳ ಕೈಯಿಂದ ಕಸಿದುಕೊಂಡೆ. ಮಾವಗೆ ತಲೆ ಕೆಟ್ಟಿದೆ ಎಂದು ಮಗನಿಗೆ ಫೋನು ಮಾಡಿದ್ದಾಳೆ. ನೀರು ತಾಗಿಲ್ಲ, ಮಡಿಕೆಯೂ ಬಿಚ್ಚಿಲ್ಲ, ನೀನು ಹೇಗೆ ಮಡಚಿದ್ದೆಯೋ ಹಾಗೇ ಇದೆ.

ಗಂಟಲಿನ ವಿಷಯವನ್ನು ನನಗೆ ಹೇಳಬೇಡ ಅಂದೆಯಂತೆ. ನೀನು ಹುಚ್ಚ. ನಾನು ಕನಿಕರಕ್ಕೆ ಬರುತ್ತಿದ್ದೆನೇನು? ಬರುತ್ತಿದ್ದೆ. ಬಂದರೆ ಏನಾಗುತ್ತಿತ್ತು? ಭಾನುವಾರ ನೀನು ಬಸ್ಸು ನೋಡುತ್ತ ಕೂತಿದ್ದೆ ಎಂದು ಓದಿ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆ ಹೊತ್ತಿಗೆ ನಾನು ಇಲ್ಲಿ ಕಟ್ಟೆಯ ಮೇಲೆ ಕೂತು, ಝಾಡಿಸಿದನೋ ಒರೆಸಿಕೊಂಡನೋ ಎಂದು ಲೆಕ್ಕ ಹಾಕುತ್ತಿದ್ದೆ.

ಅವತ್ತು ನೀನು ಝಾಡಿಸಿದ್ದು ಖರೆ ಎಂದೇ ನಾನು ಈಗಲೂ ಅನ್ನುತ್ತೇನೆ. ಅಕ್ಬರಸಾಬ ಇಲ್ಲ ಅನ್ನುತ್ತಾನೆ, ಕೆಂಚವ್ವ ಶೇಂಗಾ ಸಿಪ್ಪೆ ಅನ್ನುತ್ತಾಳೆ, ನಿನಗೆ ನೆನಪಿಲ್ಲ. ನನಗೂ ಹೊಸ್ತಿಲು ಎಲ್ಲಿತ್ತು ಎಂದು ನೆನಪಿಲ್ಲ. ಈಗ ಅಂಗಡಿಯೂ ಇಲ್ಲ, ಹೋಗಿ ನೋಡಿ ಬರೋಣ ಎಂದರೂ ಜಾಗದ ಮೇಲೆ ಡಾಂಬರು ಹಾಕುತ್ತಾರೆ. ಇನ್ನು ಅದು ಬಗೆಹರಿಯುವುದಿಲ್ಲ. ಬಗೆಹರಿಯದಿದ್ದರೂ ನಾನು ಬರಬಹುದು ಎಂದು ಈಗ ತಿಳಿಯಿತು. ತಡವಾಗಿ ತಿಳಿಯಿತು.

ಮೊನ್ನೆ ನೀನು ಆ ಗೋಡೆಗೆ ಮುಖ ಮಾಡಿ ಏನು ಅಂದೆ ಎಂದು ಸುನೀತಾಗೂ ಕೇಳಿಸಿಲ್ಲ. ತಪ್ಪಾತು ಅಂದೆಯೋ, ಅಣ್ಣಾ ಅಂದೆಯೋ, ಇಷ್ಟು ವರ್ಷ ಸತಾಯಿಸಿದೆ ಎಂದು ನನ್ನನ್ನು ಬೈದೆಯೋ. ಬೈದಿದ್ದರೂ ಇರಲಿ. ಝಾಡಿಸದೆ ಹೊರಗೆ ತಂದಿದ್ದೀಯ. ನಾನು ತೆಗೆದುಕೊಂಡೆ.

ಈ ಕಾಗದ ನನಗಿಂತ ಮೊದಲು ಮುಟ್ಟಲಿ ಎಂದು ಮೂರ್ನಾಲ್ಕು ದಿನ ತಡೆದು ಹೊರಡುತ್ತೇನೆ. ಹುಬ್ಬಳ್ಳಿಯಲ್ಲಿ ಇಳಿದು, ನವಲಗುಂದಕ್ಕೆ ಬಂದು, ಅಲ್ಲಿಂದ ಸುನೀತಾಳ ಬಸ್ಸು ಹತ್ತುತ್ತೇನೆ. ದೊಡ್ಡಪ್ಪ ಎಂದು ಟಿಕೆಟ್ ಬಿಡಬೇಡ ಎಂದು ಅವಳಿಗೆ ಹೇಳು. ಮನೆಯಲ್ಲಿ ಭೇಟಿ ಬೇಡ. ನಿನಗೆ ಏಳಲು ಶಕ್ತಿ ಇದ್ದರೆ ಬೇವಿನ ಗಿಡದ ಕೆಳಗೆ ಕೂತಿರು. ಗಿಡವನ್ನಾದರೂ ಬಿಟ್ಟಿರುತ್ತಾರೆ ಎಂದುಕೊಂಡಿದ್ದೇನೆ.

ನೀನು ಮಾತಾಡಬೇಕಿಲ್ಲ, ಆಡುವುದೆಲ್ಲ ಆಡಿ ಆಗಿದೆ. ಮುಖದ ಗುರುತು ನಿನಗೆ ಸಿಗಲಿಕ್ಕಿಲ್ಲ, ಕೂದಲಿಲ್ಲ, ಕೆನ್ನೆ ಒಳಗೆ ಹೋಗಿವೆ. ಬಸ್ಸಿನಿಂದ ಇಳಿಯುವವರ ಹೆಗಲು ನೋಡು. ಯಾರ ಹೆಗಲ ಮೇಲೆ ಮಣ್ಣು ಹತ್ತಿದ ವಲ್ಲಿ ಇದೆಯೋ ಅವನೇ ನಿನ್ನ ಅಣ್ಣ.

ಹನಮಂತ